ಬ್ಲೂಟೂತ್ ಹೆಡ್‌ಫೋನ್: ಸದ್ದಿನ ಆಯ್ಕೆಯನ್ನು ಬಚ್ಚಿಡಬೇಡಿ

ಮಾನ್ಯ ಸಂಪಾದಕರೇ,

ಬ್ಲೂಟೂತ್ ಹೆಡ್‌ಫೋನಿನಲ್ಲಿ ಸದ್ದು ಸಾಲುವುದಿಲ್ಲ, ಇಲ್ಲವೇ ಒಂದು ಮೆಟ್ಟಿಲು ಏರಿಸಿದರೆ ಸಾಕು ಕಿವಿಗಡಚಿಕ್ಕುತ್ತದೆ ಎಂಬ ದೂರು ಹೊತ್ತು ನಮ್ಮ ಮೊಬೈಲ್ ರಿಪೇರಿ ಅಂಗಡಿಗೆ ಬರುವವರು ಈಚೆಗೆ ಬಹಳ ಹೆಚ್ಚಿದ್ದಾರೆ. ಅವರಲ್ಲಿ ಅನೇಕರಿಗೆ ಬೇರೆಡೆ ಆಗಲೇ ‘ಇದು ಹೋಗಿದೆ, ಹೊಸದು ತೆಗೆದುಕೊಳ್ಳಿ’ ಎಂಬ ಉತ್ತರ ಸಿಕ್ಕಿರುತ್ತದೆ. ಆದರೆ ಹೆಡ್‌ಫೋನೂ ಕೆಟ್ಟಿರುವುದಿಲ್ಲ, ಫೋನೂ ಕೆಟ್ಟಿರುವುದಿಲ್ಲ. ಎರಡರ ನಡುವಿನ ಒಂದು ಹೊಂದಾಣಿಕೆ ಮಾತ್ರ ತಪ್ಪಿರುತ್ತದೆ. ಅದನ್ನು ಸರಿಪಡಿಸುವ ಆಯ್ಕೆ ಆಂಡ್ರಾಯ್ಡ್ ಫೋನಿನಲ್ಲಿಯೇ ಇದ್ದರೂ ಸಾಮಾನ್ಯ ಬಳಕೆದಾರರ ಕಣ್ಣಿಗೆ ಬೀಳದ ಜಾಗದಲ್ಲಿ ಇರಿಸಲಾಗಿದೆ. ಈ ಬಗ್ಗೆ ಓದುಗರ ಹಾಗೂ ಫೋನ್ ತಯಾರಕರ ಗಮನ ಸೆಳೆಯುವುದು ಈ ಪತ್ರದ ಉದ್ದೇಶ.

ಮೊದಲು ಸಮಸ್ಯೆಯ ಮೂಲವನ್ನು ಹೇಳುತ್ತೇನೆ. ಹಿಂದೆ ಫೋನಿಗೆ ಅದರದೇ ಸದ್ದಿನ ಮಟ್ಟವಿತ್ತು, ಹೆಡ್‌ಫೋನಿಗೆ ಅದರದೇ ಇನ್ನೊಂದು ಮಟ್ಟವಿತ್ತು. ತೊಟ್ಟಿಯ ಬಳಿ ಒಂದು ವಾಲ್ವ್, ಬಚ್ಚಲಿನಲ್ಲಿ ಒಂದು ನಲ್ಲಿ ಇದ್ದಂತೆ, ಒಂದನ್ನು ಅರ್ಧ ಮುಚ್ಚಿದ್ದರೆ ಇನ್ನೊಂದನ್ನು ಪೂರ್ತಿ ತಿರುಗಿಸಿದರೂ ಪ್ರಯೋಜನವಿರಲಿಲ್ಲ. ಈ ಗೊಂದಲ ತಪ್ಪಿಸಲೆಂದು 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಎರಡನ್ನೂ ಒಂದುಗೂಡಿಸಲಾಯಿತು. ಇದಕ್ಕೆ ‘ಅಬ್ಸಲ್ಯೂಟ್ ವಾಲ್ಯೂಮ್’ ಎಂದು ಹೆಸರು. ಈ ವ್ಯವಸ್ಥೆಯಲ್ಲಿ ಫೋನು ಹಾಡನ್ನು ಕುಗ್ಗಿಸದೆ ಹಾಗೆಯೇ ಕಳುಹಿಸಿ, ಅದರೊಂದಿಗೆ 0ಯಿಂದ 127ರವರೆಗಿನ ಒಂದು ಸಂಖ್ಯೆಯನ್ನೂ ಕಳುಹಿಸುತ್ತದೆ. ಆ ಸಂಖ್ಯೆಗೆ ಎಷ್ಟು ಸದ್ದು ಮಾಡಬೇಕೆಂಬುದನ್ನು ಹೆಡ್‌ಫೋನಿನೊಳಗಿನ ಚಿಪ್ಪು ತೀರ್ಮಾನಿಸುತ್ತದೆ. ಒಳ್ಳೆಯ ಹೆಡ್‌ಫೋನಿನಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಆದರೆ ಆ ಲೆಕ್ಕವನ್ನು ಸರಿಯಾಗಿ ಹೊಂದಿಸದೆ ಮಾರುಕಟ್ಟೆಗೆ ಬಿಟ್ಟ ಹೆಡ್‌ಫೋನುಗಳಲ್ಲಿ ಮೊದಲ ಮೆಟ್ಟಿಲೇ ಜೋರಾಗಿರುತ್ತದೆ, ಇಲ್ಲವೇ ಕೊನೆಯ ಮೆಟ್ಟಿಲಿಗೆ ಬಂದರೂ ಸದ್ದು ಪಿಸುಮಾತಿನ ಮಟ್ಟ ದಾಟುವುದಿಲ್ಲ. ಫೋನಿನ ಪರದೆಯಲ್ಲಿ ಸದ್ದಿನ ಮಟ್ಟ ತೋರಿಸುವ ಪಟ್ಟಿ ಪೂರ್ತಿ ತುಂಬಿರುವುದನ್ನು ನೋಡಿದ ಗ್ರಾಹಕರು ಇನ್ನು ಮಾಡಬೇಕಾದದ್ದೇನೂ ಉಳಿದಿಲ್ಲ ಎಂದೇ ಭಾವಿಸುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. ನಿವೃತ್ತ ಶಿಕ್ಷಕರೊಬ್ಬರು ಬೆಳಗಿನ ಹೊತ್ತು ಗಮಕ ವಾಚನ ಕೇಳಲೆಂದು ಮಗ ತಂದುಕೊಟ್ಟ ನೆಕ್‌ಬ್ಯಾಂಡನ್ನು ತಂದಿದ್ದರು. ಫ್ಯಾನ್ ತಿರುಗುತ್ತಿದ್ದರೆ ಪದ್ಯದ ಕೊನೆಯ ಅಕ್ಷರಗಳು ಕೇಳಿಸುವುದೇ ಇಲ್ಲ ಎಂಬುದು ಅವರ ದೂರು. ನೆಕ್‌ಬ್ಯಾಂಡಿನ ಪ್ಲಸ್ ಗುಂಡಿ ಒತ್ತಿದರೆ ಫೋನಿನ ಪರದೆಯ ಮೇಲಿನ ಪಟ್ಟಿಯೂ ಅದರ ಜೊತೆಗೇ ಏರುತ್ತಿತ್ತು. ಪಟ್ಟಿ ತುದಿ ಮುಟ್ಟಿದೊಡನೆ ‘ಟೊಂಯ್’ ಎಂದು ಸದ್ದು ಮಾಡಿ ಅಲ್ಲಿಗೇ ನಿಲ್ಲುತ್ತಿತ್ತು. ಅದೇ ನೆಕ್‌ಬ್ಯಾಂಡನ್ನು ಅಂಗಡಿಯ ಒಂದು ಹಳೆಯ ಫೋನಿಗೆ ಪೇರ್ ಮಾಡಿದಾಗ ಸದ್ದು ಧಾರಾಳವಾಗಿ ಬಂತು. ಆದ್ದರಿಂದ ನೆಕ್‌ಬ್ಯಾಂಡಿನಲ್ಲಿ ದೋಷವಿಲ್ಲವೆಂಬುದು ಅಲ್ಲಿಗೇ ತಿಳಿಯಿತು. ಅವರ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು, ‘ಬಿಲ್ಡ್ ನಂಬರ್’ ಮೇಲೆ ಏಳು ಬಾರಿ ತಟ್ಟಿ, ಆಗ ಹೊಸದಾಗಿ ಕಾಣಿಸಿಕೊಳ್ಳುವ, ಆ್ಯಪ್ ತಯಾರಿಸುವ ತಂತ್ರಜ್ಞರಿಗೆಂದು ಇರುವ ‘ಡೆವಲಪರ್ ಆಪ್ಷನ್ಸ್’ ಒಳಗೆ ಹೋಗಿ, ‘ಡಿಸೇಬಲ್ ಅಬ್ಸಲ್ಯೂಟ್ ವಾಲ್ಯೂಮ್’ ಎಂಬುದನ್ನು ಆನ್ ಮಾಡಿ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದೆ. ಆಮೇಲೆ ಫೋನಿನ ಪಟ್ಟಿಯೂ ನೆಕ್‌ಬ್ಯಾಂಡಿನ ಗುಂಡಿಯೂ ಬೇರೆ ಬೇರೆಯಾಗಿ ಕೆಲಸ ಮಾಡತೊಡಗಿದವು. ಫೋನಿನ ಪಟ್ಟಿಯನ್ನು ಮುಕ್ಕಾಲಿಗಿಟ್ಟು ನೆಕ್‌ಬ್ಯಾಂಡಿನ ಗುಂಡಿಯನ್ನು ಒಂದೊಂದಾಗಿ ಒತ್ತುತ್ತಾ ಹೋದಂತೆ, ಮೇಷ್ಟರು ಕೈ ಎತ್ತಿ ‘ಸಾಕು, ಸಾಕು’ ಎಂದರು.

ಮರುದಿನ ಅವರು ಮತ್ತೆ ಬಂದರು. ಪಿಂಚಣಿ ಜಮೆಯಾಗುವ ಬ್ಯಾಂಕಿನ ಆ್ಯಪ್ ತೆರೆಯುತ್ತಿರಲಿಲ್ಲ. ಡೆವಲಪರ್ ಆಪ್ಷನ್ಸ್ ಆಫ್ ಮಾಡಿ ಎಂಬ ಸೂಚನೆ ಪರದೆಯ ಮೇಲಿತ್ತು. ಕೆಲವು ಬ್ಯಾಂಕ್ ಹಾಗೂ ಹಣ ಪಾವತಿ ಆ್ಯಪ್‌ಗಳು ವಂಚನೆ ತಡೆಯುವ ಉದ್ದೇಶದಿಂದ ಹೀಗೆ ಮಾಡುತ್ತವೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಡೆವಲಪರ್ ಆಪ್ಷನ್ಸ್ ಆಫ್ ಮಾಡಿದೊಡನೆ ಸದ್ದಿನ ಹೊಂದಾಣಿಕೆಯೂ ಮೊದಲಿನ ಸ್ಥಿತಿಗೇ ಮರಳಿತು. ಬ್ಯಾಂಕ್ ವ್ಯವಹಾರ ಬೇಕಾದರೆ ಹೆಡ್‌ಫೋನಿನ ಸದ್ದು ಬಿಡಬೇಕು, ಸದ್ದು ಬೇಕಾದರೆ ಬ್ಯಾಂಕಿನ ಆ್ಯಪ್ ಬಿಡಬೇಕು ಎಂಬ ಸ್ಥಿತಿಗೆ ಎಪ್ಪತ್ತು ದಾಟಿದ ಹಿರಿಯರನ್ನು ತಂದು ನಿಲ್ಲಿಸುವುದು ಎಷ್ಟು ಸರಿ? ತರಕಾರಿ ಅಂಗಡಿಯಿಂದ ಹಿಡಿದು ಬಸ್ ಟಿಕೆಟ್‌ವರೆಗೆ ಎಲ್ಲವನ್ನೂ ಫೋನಿನಲ್ಲಿಯೇ ಪಾವತಿಸುವ ನಮ್ಮ ಊರುಗಳಲ್ಲಿ ಇದು ಯಾರೋ ಒಬ್ಬರಿಗೆ ಬಂದೊದಗುವ ಅಪರೂಪದ ತೊಂದರೆಯಲ್ಲ.

ಆದ್ದರಿಂದ ಫೋನ್ ತಯಾರಕರಲ್ಲಿ ನನ್ನ ಮನವಿ ಇಷ್ಟೇ: ಈ ಒಂದು ಆಯ್ಕೆಯನ್ನು ಡೆವಲಪರ್ ಆಪ್ಷನ್ಸ್‌ನಿಂದ ಹೊರತೆಗೆದು, ಬ್ಲೂಟೂತ್ ಪುಟದಲ್ಲಿ ಆಯಾ ಹೆಡ್‌ಫೋನಿನ ಹೆಸರಿನ ಕೆಳಗೇ ಇಡಿ. ಆ ಪುಟದಲ್ಲಿ ‘ಫೋನ್ ಕರೆಗಳು’, ‘ಮೀಡಿಯಾ ಆಡಿಯೊ’ ಎಂಬ ಸ್ವಿಚ್‌ಗಳು ಈಗಾಗಲೇ ಇವೆ. ಅವುಗಳ ಜೊತೆಗೆ ಇನ್ನೊಂದನ್ನು ಸೇರಿಸುವುದು ಕಷ್ಟದ ಕೆಲಸವಲ್ಲ. ಸ್ಯಾಮ್‌ಸಂಗ್‌ನ ಹಲವು ಮಾದರಿಗಳಲ್ಲಿ ಬ್ಲೂಟೂತ್ ಮೆನುವಿನಲ್ಲಿಯೇ ‘ಮೀಡಿಯಾ ವಾಲ್ಯೂಮ್ ಸಿಂಕ್’ ಎಂಬ ಸ್ವಿಚ್ ಕೊಟ್ಟಿರುವುದನ್ನು ನೋಡಿದರೆ ಇದು ಸಾಧ್ಯವೆಂಬುದು ಸ್ಪಷ್ಟ. ಡೆವಲಪರ್ ಆಪ್ಷನ್ಸ್‌ನ ಆಯ್ಕೆ ಇಡೀ ಫೋನಿಗೆ ಅನ್ವಯಿಸುವುದರಿಂದ, ಒಂದು ಹೆಡ್‌ಫೋನಿಗಾಗಿ ಅದನ್ನು ಬದಲಿಸಿದರೆ ಸರಿಯಾಗಿಯೇ ಇದ್ದ ಕಾರಿನ ಸ್ಟೀರಿಯೊ ಅಥವಾ ಮನೆಯ ಸ್ಪೀಕರಿನ ಹೊಂದಾಣಿಕೆಯೂ ಬದಲಾಗುತ್ತದೆ. ಪ್ರತಿ ಸಾಧನಕ್ಕೂ ಪ್ರತ್ಯೇಕ ಸ್ವಿಚ್ ಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಈ ತೊಂದರೆ ತಯಾರಕರಿಗೆ ತಿಳಿಯದ್ದೂ ಅಲ್ಲ. ಎಲ್ಲರೂ ಓದಬಹುದಾದ ಆಂಡ್ರಾಯ್ಡ್‌ನ ‘ಸೋರ್ಸ್ ಕೋಡ್’ ಎಂಬ ಮೂಲ ಪ್ರೋಗ್ರಾಂ ಬರಹದಲ್ಲಿಯೇ, ಅಬ್ಸಲ್ಯೂಟ್ ವಾಲ್ಯೂಮ್ ಸರಿಹೊಂದದ ಬ್ಲೂಟೂತ್ ಸಾಧನಗಳ ಪಟ್ಟಿಯೊಂದಿದ್ದು, ಅಂಥ ಸಾಧನ ಸಂಪರ್ಕಕ್ಕೆ ಬಂದರೆ ಫೋನು ತಾನಾಗಿ ಈ ವ್ಯವಸ್ಥೆಯನ್ನು ಕೈಬಿಡುತ್ತದೆ. ಆದರೆ ತಿಂಗಳಿಗೊಂದು ಹೊಸ ಮಾದರಿ ಬರುವ ಮಾರುಕಟ್ಟೆಯಲ್ಲಿ ಯಾವ ಪಟ್ಟಿ ತಾನೇ ಪೂರ್ಣವಾದೀತು? ಪಟ್ಟಿಯಲ್ಲಿಲ್ಲದ ಹೆಡ್‌ಫೋನ್ ಕೊಂಡವರ ಕೈಗೆ ಸ್ವಿಚ್ಚನ್ನೇ ಕೊಡುವುದು ಸರಿಯಾದ ದಾರಿ.

ಅದು ಆಗುವವರೆಗೆ ಓದುಗರು ತಾವೇ ನೋಡಿಕೊಳ್ಳಬಹುದಾದ ಸಂಗತಿಗಳೂ ಕೆಲವಿವೆ. ಹೆಡ್‌ಫೋನನ್ನು ಎಸೆಯುವ ಮೊದಲು ಇನ್ನೊಬ್ಬರ ಫೋನಿಗೆ ಪೇರ್ ಮಾಡಿ ನೋಡಬೇಕು. ದೋಷ ಎಲ್ಲಿದೆಯೆಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಎರಡೂ ಫೋನುಗಳಲ್ಲಿ ಸದ್ದು ಕಡಿಮೆಯಿದ್ದರೆ, ಅದರಲ್ಲೂ ಒಂದು ಕಿವಿಯಲ್ಲಿ ಮಾತ್ರ ಕಡಿಮೆಯಿದ್ದರೆ, ಇಯರ್‌ಬಡ್‌ನ ತುದಿಯ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ‘ಎಡಗಡೆಯದು ಕೆಟ್ಟಿದೆ’ ಎಂದು ನಮ್ಮಲ್ಲಿಗೆ ತರುವ ಬಡ್‌ಗಳಲ್ಲಿ ಬಹಳಷ್ಟು ಕೆಟ್ಟಿರುವುದಿಲ್ಲ. ಕಿವಿಯ ಗುಗ್ಗೆ ಮತ್ತು ಧೂಳು ಸೇರಿ ಜಾಲರಿಯ ಮೇಲೆ ಮೇಣದಂತೆ ಕೂತಿರುತ್ತದೆ. ರಬ್ಬರ್ ತುದಿಯನ್ನು ಬಿಚ್ಚಿ ಬೇರೆಯಾಗಿ ತೊಳೆದು ಒಣಗಿಸಬೇಕು. ಬಡ್ಡನ್ನು ಜಾಲರಿ ಕೆಳಮುಖವಾಗಿರುವಂತೆ ಹಿಡಿದು, ಒಣಗಿದ ಮೆತ್ತನೆಯ ಬ್ರಷ್‌ನಿಂದ ನಿಧಾನವಾಗಿ ಉಜ್ಜಿದರೆ ಪುಡಿ ಒಳಗೆ ಹೋಗದೆ ಹೊರಗೆ ಬೀಳುತ್ತದೆ. ಪಿನ್ನು, ಸೂಜಿ ಚುಚ್ಚಿದರೆ ಜಾಲರಿ ಹರಿಯುತ್ತದೆ. ನೀರನ್ನಾಗಲಿ ಸ್ಯಾನಿಟೈಸರನ್ನಾಗಲಿ ಸುರಿದರೆ ಒಳಗಿನ ಸ್ಪೀಕರೇ ಹಾಳಾಗುತ್ತದೆ. ಶುಚಿ ಮಾಡಿದ ಮೇಲೂ ಒಂದು ಕಡೆ ಕಡಿಮೆಯಿದ್ದರೆ, ಸೆಟ್ಟಿಂಗ್ಸ್‌ನ ‘ಆಕ್ಸೆಸಿಬಿಲಿಟಿ’ಯಲ್ಲಿ ಎಡ ಬಲ ಸಮತೋಲನದ ಗುಂಡಿ ನಡುವಿನಲ್ಲಿದೆಯೇ ನೋಡಬೇಕು; ಮಕ್ಕಳ ಕೈಗೆ ಫೋನ್ ಹೋದ ಮನೆಗಳಲ್ಲಿ ಅದು ಒಂದು ಬದಿಗೆ ಸರಿದಿರುವುದುಂಟು. ಒಂದು ಕಿವಿ ಮಾತ್ರ ಚೆನ್ನಾಗಿ ಕೇಳುವವರಿಗೆ ಅದೇ ಪುಟದ ‘ಮೊನೊ ಆಡಿಯೊ’ ಬಹಳ ಉಪಯುಕ್ತ. ಎರಡು ಬದಿಗೂ ಹಂಚಿಹೋಗುವ ದನಿಗಳು ಒಂದೇ ಬಡ್‌ನಲ್ಲಿ ಪೂರ್ತಿಯಾಗಿ ಕೇಳಿಸುತ್ತವೆ. ಇವೆಲ್ಲ ಸರಿಯಿದ್ದೂ ಸದ್ದು ಕಡಿಮೆಯಿದ್ದರೆ, ಬ್ಲೂಟೂತ್ ಪಟ್ಟಿಯಿಂದ ಹೆಡ್‌ಫೋನನ್ನು ‘ಫರ್ಗೆಟ್’ ಮಾಡಿ ಮತ್ತೆ ಪೇರ್ ಮಾಡಬೇಕು. ಅನಂತರವಷ್ಟೇ ಅಬ್ಸಲ್ಯೂಟ್ ವಾಲ್ಯೂಮ್‌ನ ವಿಚಾರ.

ಕರೆಯ ಸದ್ದು ಬೇರೆ, ಹಾಡಿನ ಸದ್ದು ಬೇರೆ ಎಂಬುದೂ ಅನೇಕರಿಗೆ ಗೊತ್ತಿಲ್ಲ. ಹಾಡು ಜೋರಾಗಿ ಕೇಳಿಸಿ, ಕರೆ ಬಂದಾಗ ಮಾತ್ರ ದನಿ ಸಣ್ಣಗಾದರೆ, ಮಾತನಾಡುತ್ತಿರುವಾಗಲೇ ವಾಲ್ಯೂಮ್ ಗುಂಡಿ ಒತ್ತಿ ಏರಿಸಬೇಕು. ಕರೆ ಮುಗಿದ ಮೇಲೆ ಅದೇ ಗುಂಡಿ ಹಾಡಿನ ಸದ್ದನ್ನು ಬದಲಿಸುತ್ತದೆಯೇ ಹೊರತು ಕರೆಯದ್ದನ್ನಲ್ಲ. ಮೈಕ್ ಕೆಲಸ ಮಾಡಬೇಕಾದಾಗ ಬ್ಲೂಟೂತ್ ಬೇರೊಂದು ವಿಧಾನಕ್ಕೆ ಹೊರಳುವುದರಿಂದ ದನಿ ತೆಳುವಾಗುತ್ತದೆ. ಆನ್‌ಲೈನ್ ತರಗತಿಯ ವಿದ್ಯಾರ್ಥಿಗಳು ಇದನ್ನು ಹೆಡ್‌ಫೋನಿನ ದೋಷವೆಂದು ತಿಳಿಯಬೇಕಾಗಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸದ್ದು ಕಡಿಮೆಯೆಂದು ‘ವಾಲ್ಯೂಮ್ ಬೂಸ್ಟರ್’ ಹೆಸರಿನ ಆ್ಯಪ್‌ಗಳನ್ನು ಹಾಕಿಕೊಳ್ಳುವವರಿದ್ದಾರೆ. ಇವು ಹಾಡಿನ ಸಂಕೇತವನ್ನೇ ಮಿತಿಮೀರಿ ಹಿಗ್ಗಿಸುವುದರಿಂದ ಜೋರಾದ ಭಾಗಗಳಲ್ಲಿ ದನಿ ಒಡೆದು ಕೇಳಿಸುತ್ತದೆ; ಅಲ್ಲದೆ ಸದ್ದಿಗೆ ಸಂಬಂಧವೇ ಇಲ್ಲದ ಅನುಮತಿಗಳನ್ನು ಕೇಳುವ, ಪರದೆಯ ತುಂಬ ಜಾಹೀರಾತು ಸುರಿಸುವ ಆ್ಯಪ್‌ಗಳು ಇವುಗಳಲ್ಲಿ ಕಡಿಮೆಯೇನಿಲ್ಲ. ಸರಿಯಾದ ಆಯ್ಕೆ ಕಣ್ಣಿಗೆ ಕಾಣುವಂತಿದ್ದರೆ ಜನ ಇವುಗಳ ಮೊರೆ ಹೋಗುತ್ತಿರಲಿಲ್ಲ. ಹಾಗೆಯೇ ಅಬ್ಸಲ್ಯೂಟ್ ವಾಲ್ಯೂಮ್ ಆಫ್ ಮಾಡಿದವರು ಮೊದಲ ಬಾರಿ ಹಾಡು ಹಾಕುವಾಗ ಹೆಡ್‌ಫೋನನ್ನು ಕಿವಿಗೆ ಹಾಕಿಕೊಳ್ಳಲೇಬಾರದು. ಹೆಡ್‌ಫೋನಿನ ಸ್ವಂತ ಮಟ್ಟ ಆಗ ಎಲ್ಲಿದೆಯೆಂದು ತಿಳಿದಿರುವುದಿಲ್ಲ, ಅದು ತುದಿಯಲ್ಲಿಯೇ ಇದ್ದರೂ ಇರಬಹುದು. ಎರಡನ್ನೂ ಪೂರ್ತಿ ಇಳಿಸಿ, ಕೈಯಲ್ಲಿ ಹಿಡಿದು ಕೇಳಿ, ಆಮೇಲೆ ಸ್ವಲ್ಪಸ್ವಲ್ಪವಾಗಿ ಏರಿಸುವುದು ಕ್ಷೇಮ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಆಲಿಸುವಿಕೆಯ ಮಾನದಂಡದ ಪ್ರಕಾರ ದೊಡ್ಡವರಿಗೆ ವಾರಕ್ಕೆ 40 ಗಂಟೆಗಳಂತೆ 80 ಡೆಸಿಬೆಲ್, ಮಕ್ಕಳಿಗೆ ಅಷ್ಟೇ ಅವಧಿಗೆ 75 ಡೆಸಿಬೆಲ್ ಮಿತಿ. ಸದ್ದು ಮೂರು ಡೆಸಿಬೆಲ್ ಹೆಚ್ಚಿದರೆ ಕೇಳಬಹುದಾದ ಅವಧಿ ಅರ್ಧಕ್ಕಿಳಿಯುತ್ತದೆ. ಕಿವಿಯೊಳಗಿನ ಸೂಕ್ಷ್ಮ ಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಫೋನು ತೋರಿಸುವ ಹೆಚ್ಚಿನ ಸದ್ದಿನ ಎಚ್ಚರಿಕೆಯನ್ನು ಓದದೆ ಒತ್ತಿಬಿಡುವ ಅಭ್ಯಾಸವನ್ನು ಪೋಷಕರಾದರೂ ಬಿಡಿಸಬೇಕು. ಎಷ್ಟು ಏರಿಸಿದರೂ ಮಾತು ಸ್ಪಷ್ಟವಾಗುತ್ತಿಲ್ಲ ಎನ್ನುವ ಹಿರಿಯರನ್ನು ನಮ್ಮಂಥ ಅಂಗಡಿಗೆ ಕರೆತರುವ ಮೊದಲು ಕಿವಿಯ ವೈದ್ಯರ ಬಳಿಗೆ ಕರೆದೊಯ್ಯುವುದು ಒಳ್ಳೆಯದು.

ಮಾರಾಟಗಾರರಲ್ಲಿಯೂ ಸರ್ವಿಸ್ ಸೆಂಟರುಗಳಲ್ಲಿಯೂ ಒಂದು ವಿನಂತಿ. ಸದ್ದಿನ ದೂರು ಬಂದ ಹೆಡ್‌ಫೋನನ್ನು ಗ್ರಾಹಕರ ಎದುರಿನಲ್ಲಿಯೇ ಇನ್ನೊಂದು ಫೋನಿಗೆ ಪೇರ್ ಮಾಡಿ ತೋರಿಸಿದ ನಂತರವಷ್ಟೇ ಅದು ಕೆಟ್ಟಿದೆ ಎನ್ನಿ. ಚೆನ್ನಾಗಿರುವ ಹೆಡ್‌ಫೋನ್ ಹೀಗೆ ಕಸದ ಬುಟ್ಟಿ ಸೇರಿದರೆ ಅದರೊಳಗಿನ ಲಿಥಿಯಂ ಬ್ಯಾಟರಿಯೂ ಮನೆಯ ಹಸಿ ಕಸದೊಂದಿಗೆ ಹೋಗುತ್ತದೆ. ವಾರಂಟಿ ಇದ್ದೂ ಪರೀಕ್ಷಿಸದೆ ಕೈತೊಳೆದುಕೊಂಡರೆ ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಹೆಡ್‌ಫೋನ್ ತಯಾರಕರು ಪೆಟ್ಟಿಗೆಯೊಳಗೆ ಇಡುವ ಇರುವೆಗಾತ್ರದ ಅಕ್ಷರಗಳ ಹಾಳೆಯಲ್ಲಿ ಅರ್ಧ ಪುಟವನ್ನು ಕನ್ನಡಕ್ಕೆ ಕೊಟ್ಟು, ಸದ್ದು ಕಡಿಮೆಯಾದರೆ ಏನು ನೋಡಬೇಕು, ಜಾಲರಿಯನ್ನು ಹೇಗೆ ಶುಚಿ ಮಾಡಬೇಕು, ರೀಸೆಟ್ ಮಾಡಲು ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕು ಎಂಬುದನ್ನು ಓದಲು ಬರುವಂತೆ ಮುದ್ರಿಸಬೇಕು. ಫೋನ್ ಕಂಪನಿಗಳು ಮುಂದಿನ ಅಪ್‌ಡೇಟ್‌ನಲ್ಲಿಯಾದರೂ ಆ ಸ್ವಿಚ್ಚನ್ನು ಬ್ಲೂಟೂತ್ ಪುಟಕ್ಕೆ ತಂದರೆ, ಬ್ಯಾಂಕಿನ ಆ್ಯಪ್ ಉಳಿಸಿಕೊಳ್ಳಲು ಹೆಡ್‌ಫೋನನ್ನು ಕಪಾಟಿಗೆ ಹಾಕಿರುವವರು ಅದನ್ನು ಮತ್ತೆ ಹೊರತೆಗೆಯಬಹುದು.

ಇತಿ ತಮ್ಮ ವಿಶ್ವಾಸಿ,
ಮೊಬೈಲ್ ರಿಪೇರಿ ಅಂಗಡಿಯ ಮಾಲೀಕ, ಹಾಸನ