ಭುಜ ಸುಧಾರಿಸುತ್ತಿದೆ, ಕಂಬ ಬಿಡುವುದಿಲ್ಲ

ಲೀಡ್ಸ್, ಇಂಗ್ಲೆಂಡ್

ಅಪ್ಪ, ಅಮ್ಮ, ಅಜ್ಜಿ, ಮೂವರಿಗೂ ನಮಸ್ಕಾರ.

ಫೋನಿನಲ್ಲಿ ಭುಜದ ಮಾತು ಎತ್ತಿದರೆ ಸಾಕು, ಅಮ್ಮನ ಗಂಟಲು ಕಟ್ಟುತ್ತದೆ, ಅಪ್ಪ ಟಿಕೆಟ್ ಬುಕ್ ಮಾಡು ಅನ್ನುತ್ತಾರೆ. ಹೇಳಬೇಕಾದ್ದು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಈ ಪತ್ರ. ಅಜ್ಜಿಗೂ ಓದಿ ಹೇಳಿ.

ಮೂಳೆ ಮುರಿದಿಲ್ಲ, ಕೀಲು ತಪ್ಪಿಲ್ಲ, ಪೋಲ್ ಡ್ಯಾನ್ಸ್ (ಕಂಬದ ಮೇಲಿನ ಕುಣಿತ) ಮಾಡುವಾಗ ನಾನು ಕಂಬದಿಂದ ಬಿದ್ದೂ ಇಲ್ಲ. ಬಲ ಭುಜದ ಒಂದು ಟೆಂಡನ್ ಕೆರಳಿದೆ. ಟೆಂಡನ್ ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟಿ ಹಿಡಿಯುವ ಗಟ್ಟಿ ನಾರು. ಭುಜದ ಕೀಲು ಸಾಸರಿನ ಮೇಲೆ ಕಿತ್ತಳೆ ಹಣ್ಣು ಇಟ್ಟ ಹಾಗೆ ಇರುತ್ತದೆ, ಗುಂಡು ದೊಡ್ಡದು, ತಳ ಚಿಕ್ಕದು. ಗುಂಡು ಜಾರದಂತೆ ನಾಲ್ಕು ಸ್ನಾಯುಗಳು ಸುತ್ತಲೂ ಹಿಡಿದುಕೊಂಡಿರುತ್ತವೆ. ಅದಕ್ಕೆ ರೊಟೇಟರ್ ಕಫ್ ಅನ್ನುತ್ತಾರೆ. ಅದರಲ್ಲಿ ಮೇಲಿನ ಸ್ನಾಯುವಿನ ಟೆಂಡನ್ ಭುಜದ ತುದಿಯ ಮೂಳೆ ಕೆಳಗೆ, ತುಂಬ ಇಕ್ಕಟ್ಟಾದ ಜಾಗದಲ್ಲಿ ಹಾದುಹೋಗುತ್ತದೆ. ನನ್ನ ನೋವು ಅಲ್ಲಿಯದು. ಕೈಯನ್ನು ಪಕ್ಕದಿಂದ ಎತ್ತುತ್ತಾ ಹೋದರೆ 60 ಡಿಗ್ರಿವರೆಗೆ ಏನೂ ಇಲ್ಲ. ಅಲ್ಲಿಂದ ಸುಮಾರು 120ರವರೆಗೆ ಚುಚ್ಚುತ್ತದೆ. ಅದನ್ನು ದಾಟಿದರೆ ಮತ್ತೆ ಸುಮ್ಮನಾಗುತ್ತದೆ.

ಕಂಬದ ಮೇಲೆ ನೇತಾಡುವವರಿಗೆ ಇದು ಬರುವುದು ಅಪರೂಪವಲ್ಲ. ನಮ್ಮಲ್ಲಿ ಟ್ವಿಸ್ಟೆಡ್ ಗ್ರಿಪ್ ಅಂತ ಒಂದು ಹಿಡಿತ ಇದೆ. ಮೇಲಿನ ಕೈಯನ್ನು ಒಳಕ್ಕೆ ತಿರುಚಿ, ಹೆಬ್ಬೆರಳು ಕೆಳಗೆ ಬರುವ ಹಾಗೆ ಕಂಬ ಹಿಡಿಯಬೇಕು. ಕೆಳಗಿನ ಕೈಯಿಂದ ಕಂಬವನ್ನು ತಳ್ಳಬೇಕು. ಆಮೇಲೆ ಇಡೀ ಮೈಯನ್ನು ತಲೆಕೆಳಗೆ ಎತ್ತಬೇಕು. ತಿರುಚಿಕೊಂಡ ಆ ಭುಜದ ಮೇಲೆ ಎಷ್ಟು ಭಾರ ಬೀಳುತ್ತದೆ ಯೋಚಿಸಿ. ಎಲ್ಲರಿಗೂ ಒಂದು ಕಡೆ ಚೆನ್ನಾಗಿ ಬರುತ್ತದೆ, ಆ ಕಡೆಯ ಭುಜವೇ ಸವೆಯುತ್ತದೆ.

ಅಪ್ಪ, ಆಪರೇಷನ್ ಮಾಡಿಸಿ ಮುಗಿಸಿಬಿಡು ಅಂದಿರಿ. ಹಿಂದೆ ಇಂಥ ನೋವಿಗೆ ಆ ಇಕ್ಕಟ್ಟಿನ ಜಾಗದ ಮೂಳೆಯನ್ನು ಸ್ವಲ್ಪ ಕೆರೆದು ತೆಗೆಯುವ ಆಪರೇಷನ್ ಇಲ್ಲಿ ತುಂಬ ಮಾಡುತ್ತಿದ್ದರು. ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ 313 ಜನರ ಮೇಲೆ ಅದನ್ನು ಪರೀಕ್ಷೆ ಮಾಡಿ ನೋಡಿದರು. ಕೆಲವರಿಗೆ ನಿಜವಾದ ಆಪರೇಷನ್, ಕೆಲವರಿಗೆ ಕ್ಯಾಮೆರಾ ಒಳಗೆ ಬಿಟ್ಟು ಸುಮ್ನೆ ನೋಡಿ ಹೊರಗೆ ತೆಗೆದದ್ದು ಅಷ್ಟೆ. ಎರಡೂ ಗುಂಪಿನವರಿಗೆ ಒಂದೇ ಥರ ಗುಣವಾಗಿತ್ತು! 2018ರ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಬಂದಿದೆ. ನನ್ನ ಟೆಂಡನ್ ಹರಿದಿಲ್ಲ, ಅಲ್ಟ್ರಾಸೌಂಡ್‌ನಲ್ಲಿ ನೋಡಿದ್ದಾರೆ. ಹಾಗಾಗಿ ಆಪರೇಷನ್ ಮಾತು ಸದ್ಯಕ್ಕೆ ಬೇಡ.

ಅಮ್ಮ, ನೀನು ಹೇಳಿದ ಹಾಗೆ ಬಿಸಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದೇನೆ. ಹಾಯೆನಿಸುತ್ತದೆ, ನಿದ್ದೆ ಬರುತ್ತದೆ. ಆದರೆ ಊರಿಗೆ ಬಂದಾಗ ಉಳುಕು ತೆಗೆಯುವವರ ಹತ್ತಿರ ಕರೆದುಕೊಂಡು ಹೋಗಬೇಡ. ಜಗ್ಗಿ ಎಳೆದರೆ ಇದು ಇನ್ನೂ ಕೆರಳುತ್ತದೆ.

ಪೂರ್ತಿ ರೆಸ್ಟ್ ಮಾಡಿದರೂ ವಾಸಿಯಾಗುವುದಿಲ್ಲ. ಟೆಂಡನ್‌ಗೆ ಸ್ವಲ್ಪ ಸ್ವಲ್ಪವೇ ಭಾರ ಕೊಟ್ಟು ಮತ್ತೆ ಗಟ್ಟಿ ಮಾಡಬೇಕು. ಮೊದಮೊದಲು ಮುಷ್ಟಿಯನ್ನು ಗೋಡೆಗೆ ಒತ್ತಿ ಹಿಡಿದು ನಿಲ್ಲುತ್ತಿದ್ದೆ, ಅಷ್ಟೆ. ಈಗ ಟವೆಲ್ ಸುತ್ತಿ ಮೊಣಕೈ ಮತ್ತು ಪಕ್ಕೆಯ ಮಧ್ಯೆ ಸಿಕ್ಕಿಸಿಕೊಂಡು, ಬಾಗಿಲ ಹಿಡಿಗೆ ಕಟ್ಟಿದ ರಬ್ಬರ್ ಬ್ಯಾಂಡನ್ನು ಹೊರಗಡೆಗೆ ನಿಧಾನ ಎಳೆಯುತ್ತೇನೆ, ಅದಕ್ಕಿಂತ ನಿಧಾನವಾಗಿ ವಾಪಸ್ ಬಿಡುತ್ತೇನೆ. ಟವೆಲ್ ಬಿದ್ದರೆ ಆ ಸಲದ್ದು ಲೆಕ್ಕಕ್ಕಿಲ್ಲ. ನೋವು ಹತ್ತಕ್ಕೆ ಮೂರು ನಾಲ್ಕರ ಒಳಗಿದ್ದು, ಮರುದಿನ ಬೆಳಿಗ್ಗೆ ಇಳಿದಿದ್ದರೆ ಪರವಾಗಿಲ್ಲ, ಮುಂದುವರಿಸು ಅಂತ ನನ್ನ ಫಿಸಿಯೋ ಹೇಳಿದ್ದಾರೆ. ಇದಕ್ಕೆ ಹನ್ನೆರಡು ವಾರವಾದರೂ ಬೇಕು, ಕಂಬದ ಮೇಲೆ ಮೊದಲಿನಂತೆ ತೂಗಲು ಇನ್ನೂ ಜಾಸ್ತಿ.

ಕಷ್ಟ ಆಗುವುದು ಸಣ್ಣ ಸಣ್ಣ ಕೆಲಸಗಳಲ್ಲಿ. ಜಡೆ ಹಾಕಿಕೊಳ್ಳಲು ಆಗುವುದಿಲ್ಲ. ಮೇಲಿನ ಶೆಲ್ಫಿನ ಬೇಳೆ ಡಬ್ಬ ಎಲ್ಲ ಕೆಳಗೆ ಇಳಿಸಿಕೊಂಡಿದ್ದೇನೆ. ರಾತ್ರಿ ಬಲ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚು ನೋಯಿಸುವುದು ಸಂಜೆ ಆರು ಗಂಟೆ. ಆಫೀಸ್ ಮುಗಿಸಿ ಸ್ಟುಡಿಯೋಗೆ ಓಡುವ ಹೊತ್ತು ಅದು.

ಅಜ್ಜಿ, ನಿನಗೆ ಒಂದು ಮಾತು. ಅಷ್ಟು ಚಿಕ್ಕ ಬಟ್ಟೆ ಯಾಕೆ ಅಂತ ಕೇಳಿದೆಯಲ್ಲ. ನಮ್ಮ ಕಂಬ 45 ಮಿಲಿಮೀಟರ್ ದಪ್ಪದ ಲೋಹದ ಕೊಳವೆ. ಬಟ್ಟೆ ಅದರ ಮೇಲೆ ಜಾರುತ್ತದೆ, ಚರ್ಮ ಹಿಡಿಯುತ್ತದೆ. ತೊಡೆ, ಮೊಣಕಾಲಿನ ಸಂದು, ಪಕ್ಕೆ, ಎಲ್ಲವೂ ಹಿಡಿಯಬೇಕು. ಮಲ್ಲಕಂಬದವರು ಮರದ ಕಂಬಕ್ಕೆ ಹರಳೆಣ್ಣೆ ಸವರಿ ಚಡ್ಡಿಯಲ್ಲೇ ಹತ್ತುತ್ತಾರೆ, ಯಾರೂ ಏನೂ ಅನ್ನುವುದಿಲ್ಲ, ಅಲ್ವಾ? ನಮ್ಮ ಕುಣಿತವನ್ನು ಬೆಳೆಸಿದವರಲ್ಲಿ ಸ್ಟ್ರಿಪ್ ಕ್ಲಬ್‌ಗಳಲ್ಲಿ ಕುಣಿದ ಹೆಂಗಸರು ದೊಡ್ಡ ಪಾಲು. ನೆಂಟರು ಅದನ್ನು ಆಡಿಕೊಂಡರೆ ಆಡಿಕೊಳ್ಳಲಿ. ನಾನು ಇವತ್ತು ಮಾಡುವ ಎಷ್ಟೋ ವರಸೆ ಅವರಿಂದ ಬಂದದ್ದು. ಅವರ ಮೇಲೆ ನನಗೆ ಗೌರವ ಇದೆ.

ಗುರುವಾರದ ಹೊಸಬರ ಕ್ಲಾಸನ್ನು ನಾನು ಬಿಟ್ಟಿಲ್ಲ. ಮೊದಲಾದರೆ ಮಾಡಿ ತೋರಿಸುತ್ತಿದ್ದೆ. ಈಗ ಎಲ್ಲವನ್ನೂ ಬಾಯಲ್ಲೇ ಹೇಳಬೇಕು. ನೇತಾಡುವ ಮೊದಲು ಭುಜವನ್ನು ಕಿವಿಯಿಂದ ಕೆಳಗೆ ಎಳೆದುಕೊಳ್ಳಿ, ಸತ್ತ ಹಾಗೆ ಜೋತು ಬೀಳಬೇಡಿ, ಬಲಗಡೆ ಮಾಡಿದಷ್ಟೇ ಎಡಗಡೆಯೂ ಮಾಡಿ ಅಂತ ಕ್ಲಾಸಿನ ಉದ್ದಕ್ಕೂ ಹೇಳುತ್ತೇನೆ. ಐವತ್ತು ದಾಟಿದ ಒಬ್ಬ ನರ್ಸ್ ಬರುತ್ತಾರೆ. ತಿಂಗಳುಗಟ್ಟಲೆ ಅವರ ಪಾದ ನೆಲ ಬಿಡುತ್ತಲೇ ಇರಲಿಲ್ಲ. ಕಳೆದ ವಾರ ಮುಂಗಾಲನ್ನು ಕಂಬಕ್ಕೆ ಒತ್ತಿ, ಇನ್ನೊಂದು ಕಾಲಿನ ಮೀನಖಂಡದಿಂದ ಹಿಂದೆ ಬಿಗಿ ಹಿಡಿದು, ಎರಡು ಹೆಜ್ಜೆ ಮೇಲಕ್ಕೆ ಹತ್ತಿಬಿಟ್ಟರು. ಮೇಲಿಂದಲೇ ನನ್ನ ಹೆಸರು ಹಿಡಿದು ಕೂಗಿದರು. ನನಗೆ ಕಣ್ಣಲ್ಲಿ ನೀರು ಬಂತು. ಮನೆಯವರನ್ನೆಲ್ಲ ಬಿಟ್ಟು ಈ ಊರಿಗೆ ಬಂದಾಗ ನನ್ನನ್ನು ಹೆಸರು ಹಿಡಿದು ಕರೆಯುವವರು ಸಿಕ್ಕಿದ್ದೇ ಆ ಕೋಣೆಯಲ್ಲಿ. ಅದಕ್ಕೇ ಅಪ್ಪ, ಬಿಟ್ಟುಬಿಡು ಅಂತ ಮಾತ್ರ ಹೇಳಬೇಡಿ.

ಭಾನುವಾರ ವಿಡಿಯೋ ಕಾಲ್ ಮಾಡುತ್ತೇನೆ. ಕೈ ಎಲ್ಲಿಯವರೆಗೆ ಎತ್ತಲು ಆಗುತ್ತದೆ ನೀವೇ ನೋಡಿ. ಅಜ್ಜಿಯ ಮಂಡಿಗೆ ಡಾಕ್ಟರ್ ಹೇಳಿಕೊಟ್ಟ ವ್ಯಾಯಾಮ ನಿಲ್ಲಿಸಿದ್ದಾಳೆ ಅಂತ ತಮ್ಮ ಹೇಳಿದ. ಮತ್ತೆ ಶುರು ಮಾಡಿಸಿ, ನಾನು ಇಲ್ಲಿ ಮಾಡುವ ಹೊತ್ತಿಗೇ ಅವಳೂ ಅಲ್ಲಿ ಮಾಡಲಿ.

ನಿಮ್ಮ ಪ್ರೀತಿಯ
ಪುಟ್ಟಿ