ಮುಟ್ಟಿನ ನೋವಿಗೆ ಬರೀ ಮಾತ್ರೆ ಸಾಲದು, ಕಾರಣ ಹುಡುಕುವ ವ್ಯವಸ್ಥೆ ಮಾಡಿ

ಹಾವೇರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

2025ರಲ್ಲಿ ಸರ್ಕಾರ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 12 ದಿನ ಮುಟ್ಟಿನ ರಜೆ ಕೊಡಲು ಒಪ್ಪಿತು. ಒಳ್ಳೆಯದೇ ಆಯಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ದಿನಗೂಲಿಯವರಿಗೆ ಆ ರಜೆ ಯಾರು ಕೊಡುತ್ತಾರೋ ಗೊತ್ತಿಲ್ಲ. ಆದರೆ ರಜೆ ಸಿಕ್ಕವರಿಗೂ ಈ ನೋವು ಯಾಕೆ ಅಂತ ಹೇಳುವವರು ಬೇಕಲ್ವಾ?

ನನಗೆ ಒಂದು ತಿಂಗಳು ಮುಟ್ಟಾದರೆ ಮುಂದಿನ ಎರಡು ತಿಂಗಳು ಪತ್ತೆಯೇ ಇರುವುದಿಲ್ಲ. ಆದಾಗ ಸೊಂಟದಿಂದ ತೊಡೆಯವರೆಗೆ ಹಿಂಡುತ್ತದೆ, ವಾಂತಿಯಾಗುತ್ತದೆ, ಎದ್ದು ನಿಲ್ಲಲಿಕ್ಕೂ ಆಗುವುದಿಲ್ಲ. ತೋರಿಸಿದ ಕಡೆಯೆಲ್ಲ ಒಂದೇ ಮಾತು, ಮದುವೆಯಾದರೆ ಸರಿಹೋಗುತ್ತದೆ. ಸ್ಕ್ಯಾನಿಂಗ್ ನಾರ್ಮಲ್ ಬಂತು, ನಿನಗೇನೂ ಇಲ್ಲ ಹೋಗು ಅಂದರು. ಎಂಡೊಮೆಟ್ರಿಯೋಸಿಸ್ ಎಷ್ಟೋ ಸಲ ಮಾಮೂಲಿ ಸ್ಕ್ಯಾನಿಂಗಿನಲ್ಲಿ ಕಾಣುವುದಿಲ್ಲ ಅಂತ ಯಾರೂ ಹೇಳಲಿಲ್ಲ. ಗರ್ಭಚೀಲದ ಒಳಪದರದಂಥದ್ದೇ ಪದರ ಹೊರಗಡೆ ಬೆಳೆಯುವ ಈ ಕಾಯಿಲೆ ಹೆರುವ ವಯಸ್ಸಿನ 100 ಹೆಣ್ಣುಮಕ್ಕಳಲ್ಲಿ ಸುಮಾರು 10 ಮಂದಿಗೆ ಇರುತ್ತದೆ, ಇದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಮುಟ್ಟು ಏರುಪೇರಾಗಲು ಥೈರಾಯ್ಡ್ ಇರಬಹುದು, ಪಿಸಿಓಎಸ್ ಅನ್ನುವ ಹಾರ್ಮೋನಿನ ತೊಂದರೆ ಇರಬಹುದು. ಅದಕ್ಕೆ ರಕ್ತ ಪರೀಕ್ಷೆ ಬೇಕು, ಬರೀ ನೋವಿನ ಮಾತ್ರೆ ಅಲ್ಲ.

ವಯಸ್ಸಾದವರ ಗತಿ ಇನ್ನೂ ಕೆಟ್ಟದ್ದು. ಎರಡು ಮಕ್ಕಳಾಗಿವೆ, ಇನ್ನೇನು, ಗರ್ಭಚೀಲ ತೆಗೆಸಿಬಿಡಿ ಅನ್ನುತ್ತಾರೆ. ನೋವಿಗೆ ಕಾರಣವನ್ನೇ ಹುಡುಕದೆ ಅಂಗವನ್ನೇ ತೆಗೆಯುವುದು ಯಾವ ನ್ಯಾಯ? ಅನಗತ್ಯವಾಗಿ ಗರ್ಭಚೀಲ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಜಾರಿ ಮಾಡಿ ಅಂತ ಸುಪ್ರೀಂ ಕೋರ್ಟ್ 2023ರಲ್ಲೇ ರಾಜ್ಯಗಳಿಗೆ ಹೇಳಿದೆ, ಸರ್.

ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಮುಟ್ಟಿನ ತೊಂದರೆಗೆಂದೇ ಇಡಿ. ಸ್ತ್ರೀರೋಗ ತಜ್ಞರು, ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಎಲ್ಲ ಅವತ್ತೇ, ಅಲ್ಲೇ ಸಿಗಲಿ, ಯಾಕೆಂದರೆ ರಟ್ಟೀಹಳ್ಳಿಯಿಂದ ಹುಬ್ಬಳ್ಳಿ ಕಿಮ್ಸ್‌ಗೆ ಹೋಗಿಬರುವುದು ಅಂದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬರುವವರದ್ದೂ ಹೋಯಿತು. ಮದುವೆಯಾಗದ ಹುಡುಗಿಯರು ಬಂದರೆ ಸುಮ್ನೆ ಅನುಮಾನದಿಂದ ನೋಡುವುದನ್ನೂ ನಿಲ್ಲಿಸಲು ಹೇಳಿ. ಲ್ಯಾಪ್ರೊಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಿಂದ ಒಳಗೆ ನೋಡುವುದು, ಬೇಕಾದವರನ್ನು ಮಾತ್ರ ದೊಡ್ಡ ಆಸ್ಪತ್ರೆಗೆ ಕಳಿಸಲಿ, ಕಳಿಸುವಾಗ ಏನು ಅನುಮಾನ ಅಂತ ಚೀಟಿಯಲ್ಲಿ ಬರೆಯಲಿ.

ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಇದೊಂದು ಕೇಳಿ, ಎಷ್ಟು ತಾಲ್ಲೂಕುಗಳಲ್ಲಿ ಇದನ್ನು ನಾಳೆಯೇ ಶುರು ಮಾಡಬಹುದು?