ಇಂಟರ್ನೆಟ್ ಕೇಬಲಿಗೆ ಕಟ್ಟೆಯ ಬಿರುಕು ಕಾಣದು

ಸಂಪಾದಕರೇ,

1933ರ ಬಳಿಕ 2022ರಲ್ಲಿ ಮಾರಿಕಣಿವೆಯ ಹಳೆಯ ಕಲ್ಲಿನ ಕಟ್ಟೆ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದಿತು. ಹಳೆಯ ಕಟ್ಟೆಗಳ ಸುರಕ್ಷತೆಯ ಮಾತು ಬಂದಾಗಲೆಲ್ಲ ‘ಫೈಬರ್ ಕೇಬಲ್ ಎಳೆದು ಒಟಿಡಿಆರ್ (ಕೇಬಲಿನ ದೋಷ ಹುಡುಕುವ ಉಪಕರಣ) ಹಚ್ಚಿದರೆ ಬಿರುಕು ತಾನೇ ಗೊತ್ತಾಗುತ್ತದೆ’ ಎನ್ನುವವರಿದ್ದಾರೆ. ಗೊತ್ತಾಗುವುದಿಲ್ಲ.

ಒಟಿಡಿಆರ್ ಗಾಜಿನೆಳೆಯೊಳಗೆ ಬೆಳಕಿನ ತುಣುಕು ಬಿಟ್ಟು, ಮರಳಿ ಬರುವ ಮಂದ ಬೆಳಕನ್ನು ಸಮಯದ ಲೆಕ್ಕದಲ್ಲಿ ಅಳೆಯುತ್ತದೆ. ತುಣುಕು 10 ನ್ಯಾನೋಸೆಕೆಂಡಿನದಾದರೆ ಸುಮಾರು ಒಂದು ಮೀಟರ್ ಅಂತರದ ಎರಡು ದೋಷಗಳನ್ನು ಬೇರೆಬೇರೆಯಾಗಿ ಗುರುತಿಸಬಹುದು. ಎಳೆ ಎಲ್ಲಿ ತುಂಡಾಗಿದೆ, ಎಲ್ಲಿ ಮಡಚಿದೆ, ಯಾವ ಜಾಯಿಂಟ್‌ನಲ್ಲಿ ಬೆಳಕು ಸೋರುತ್ತಿದೆ ಎಂಬುದು ಅದರ ಕೆಲಸ. ಮೇಲಾಗಿ ಇಂಟರ್ನೆಟ್ ಕೇಬಲಿನಲ್ಲಿ ಎಳೆಗಳು ಜೆಲ್ ತುಂಬಿದ ಕೊಳವೆಯೊಳಗೆ ಸಡಿಲವಾಗಿ ಇರುತ್ತವೆ. ಹೊರಗಿನ ಸೆಳೆತ ಗಾಜಿಗೆ ತಾಗಬಾರದೆಂದೇ ಆ ಏರ್ಪಾಡು. ಗೋಡೆ ಅರ್ಧ ಮಿಲಿಮೀಟರ್ ಬಾಯಿಬಿಟ್ಟರೂ ಗ್ರಾಫು ಅಲುಗುವುದಿಲ್ಲ.

ಮಾರಿಕಣಿವೆಯಂಥ ಕಲ್ಲಿನ ಕಟ್ಟೆಯಲ್ಲಿ ಗೊತ್ತಿರುವ ಬಿರುಕಿಗೆ ಅಡ್ಡಲಾಗಿ ಬ್ರ್ಯಾಗ್ ಗ್ರೇಟಿಂಗ್ ಸೆನ್ಸರ್, ಅಂದರೆ ಒಂದೇ ತರಂಗಾಂತರದ ಬೆಳಕನ್ನು ಮರಳಿಸುವ ಗೆರೆಗಳಿರುವ ಗಾಜಿನೆಳೆ, ಕೂರಿಸಬೇಕು. 1550 ನ್ಯಾನೋಮೀಟರ್ ಬೆಳಕಿನಲ್ಲಿ ಒಂದು ಮೈಕ್ರೋಸ್ಟ್ರೇನಿಗೆ (ಉದ್ದದ ಹತ್ತು ಲಕ್ಷದ ಒಂದು ಪಾಲಿನಷ್ಟು ಹಿಗ್ಗುವಿಕೆಗೆ) ಅದರ ತರಂಗಾಂತರ ಸುಮಾರು 1.2 ಪಿಕೋಮೀಟರ್ ಸರಿಯುತ್ತದೆ. ತೊಡಕು ಏನೆಂದರೆ, ಒಂದು ಡಿಗ್ರಿ ಬಿಸಿಗೂ ಅದು ಸುಮಾರು 10 ಪಿಕೋಮೀಟರ್ ಸರಿಯುತ್ತದೆ. ಚಿತ್ರದುರ್ಗದ ಬಿಸಿಲಿಗೆ ಕಲ್ಲು 10 ಡಿಗ್ರಿ ಕಾದರೆ, ಇಲ್ಲದ ಸುಮಾರು 80 ಮೈಕ್ರೋಸ್ಟ್ರೇನ್ ತೆರೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಕಲ್ಲು ತಾನೇ ಹಿಗ್ಗುವುದು ಬೇರೆ ಲೆಕ್ಕ. ಆದ್ದರಿಂದ ಬಿಸಿಯನ್ನಷ್ಟೇ ಅಳೆದು ಲೆಕ್ಕದಿಂದ ಕಳೆಯಲು ಪಕ್ಕದಲ್ಲೇ, ಅಂಟಿಸದೆ ಸಡಿಲವಾಗಿ ಬಿಟ್ಟ ಇನ್ನೊಂದು ಗ್ರೇಟಿಂಗ್ ಇರಲೇಬೇಕು. ಖರ್ಚು ಉಳಿಸಲು ಮೊದಲು ಕೈಬಿಡುವುದು ಇದನ್ನೇ!

ಭದ್ರಾ ನಾಲೆಯ ಮಣ್ಣಿನ ಏರಿಯ ಕಥೆ ಬೇರೆ. ಅಲ್ಲಿ ಹುಡುಕಬೇಕಾದದ್ದು ಸೋರಿಕೆ. ಅದಕ್ಕೆ ರಾಮನ್ ಚದುರಿಕೆಯಿಂದ, ಅಂದರೆ ಎಳೆಯೊಳಗೆ ಬಣ್ಣ ಬದಲಿಸಿ ಚದುರಿ ಮರಳುವ ಬೆಳಕಿನಿಂದ, ಕೇಬಲಿನುದ್ದಕ್ಕೂ ಉಷ್ಣತೆ ಅಳೆಯುವ ಉಪಕರಣ ಒಳ್ಳೆಯದು. ತಾಮ್ರದ ತಂತಿಯೂ ಇರುವ ಕೇಬಲನ್ನು ಏರಿಯ ಹೊರಬುಡದಲ್ಲಿ ಹೂತು, ತಂತಿಗೆ ಕರೆಂಟು ಕೊಟ್ಟು ಸ್ವಲ್ಪ ಹೊತ್ತು ಕಾಯಿಸಬೇಕು. ನೀರು ಹರಿಯುವ ಜಾಗದಲ್ಲಿ ಶಾಖ ಕೊಚ್ಚಿಹೋಗಿ ಕೇಬಲ್ ಕಡಿಮೆ ಬಿಸಿಯಾಗುತ್ತದೆ. ಅರ್ಧ ಮೀಟರಿಗಿಂತ ಕಡಿಮೆ ಆಳದಲ್ಲಿ ಹೂತರೆ ಹಗಲಿನ ಬಿಸಿಲೂ ಗ್ರಾಫಿನಲ್ಲಿ ಬೆರೆಯುತ್ತದೆ. ಇಲ್ಲಿ ಮಾತ್ರ ಸಡಿಲ ಕೊಳವೆಯ ಕೇಬಲೇ ಸರಿ, ಏಕೆಂದರೆ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬಿ ಬಿಗಿ ಎಳೆಯನ್ನು ಜಗ್ಗುತ್ತದೆ. ನಾಲೆ ಖಾಲಿಯಿದ್ದಾಗ ಒಮ್ಮೆ, ತುಂಬಿ ಹರಿಯುವಾಗ ಒಮ್ಮೆ ಮೂಲ ಅಳತೆ ತೆಗೆದಿಡದಿದ್ದರೆ ಮುಂದೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಒಟಿಡಿಆರ್ ಬೇಡವೆಂದಲ್ಲ. ಸೆನ್ಸರ್ ಕೇಬಲ್ ಹಾಕಿದ ದಿನ ಅದರಿಂದಲೇ ಪರೀಕ್ಷಿಸಬೇಕು. ಉಪಕರಣದ ಬಾಯಲ್ಲಿರುವ ಮೊದಲ ಕೆಲವು ಮೀಟರ್ ಅದಕ್ಕೆ ಕುರುಡು, ಹಾಗಾಗಿ ಮುಂದೆ ಒಂದು ಲಾಂಚ್ ಕೇಬಲ್ (ಆ ಕುರುಡು ಭಾಗವನ್ನು ತನ್ನಲ್ಲೇ ಕಳೆಯುವ ಹೆಚ್ಚುವರಿ ಎಳೆ) ಜೋಡಿಸಬೇಕು. ಬೆಸುಗೆಯ ಜಾಯಿಂಟ್‌ನಲ್ಲಿ ನಷ್ಟ 0.1 ಡೆಸಿಬೆಲ್ ಮೀರಿದರೆ ಕತ್ತರಿಸಿ ಮತ್ತೆ ಬೆಸೆಯಲಿ. ಕನೆಕ್ಟರಿನ ತುದಿ ಒರೆಸದೆ ಚುಚ್ಚಿದರೆ ಆ ದೂಳೇ ದೊಡ್ಡ ದೋಷವಾಗಿ ಕಾಣುತ್ತದೆ.

ನೀರಾವರಿ ಇಲಾಖೆಯು ಟೆಂಡರಿನಲ್ಲಿ ಬರೀ ‘ಆಪ್ಟಿಕಲ್ ಫೈಬರ್ ಅಳವಡಿಕೆ’ ಎಂದು ಬರೆಯದೆ, ಕೇಬಲಿನ ರಚನೆ, ಅಳೆಯುವ ವಿಧಾನ, ಉಷ್ಣತೆಯ ತಿದ್ದುಪಡಿ ಮತ್ತು ಮೂಲ ಅಳತೆಯ ಕಡತ ಒಪ್ಪಿಸುವ ಷರತ್ತು, ಈ ನಾಲ್ಕನ್ನೂ ಸೇರಿಸಲಿ. ಹೂತ ಕೇಬಲಿನ ನಕ್ಷೆಯ ಒಂದು ಪ್ರತಿ ಜೆಸಿಬಿ ಕೆಲಸ ಕೊಡುವ ಪಂಚಾಯಿತಿಯಲ್ಲೂ ಇರಲಿ.

– ಸಿವಿಲ್ ಎಂಜಿನಿಯರ್‌ಗಳು, ದಾವಣಗೆರೆ